ಹೊಸ ಪ್ಲೇಟು ಪಳಗಿಸಿದ ದಿನ

ಆ ಕೋಣೆಯಿಂದ ಹೊರಬೀಳಲು ಶಿವಕುಮಾರಿಗೆ ಬೇಕಾಗಿದ್ದದ್ದು ಒಂದೇ: ತನ್ನ ಜಾಗಕ್ಕೆ ಇನ್ನೊಬ್ಬರು. ಬಾಂದ್ರಾದ ಜಪಾನಿ ಹೋಟೆಲೊಂದರ ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಜಾಗಕ್ಕೂ ಲಿಫ್ಟಿಗೂ ನಡುವೆ ಇದ್ದ ಕೋಣೆ ಅದು. ಕಿಟಕಿ ಹೆಸರಿಗೂ ಇಲ್ಲ. ಒಂದು ನಲ್ಲಿ, ಒಂದು ಟ್ಯೂಬ್‌ಲೈಟು, ಚಾಕು ಮಸೆಯುವ ಕಲ್ಲುಗಳ ಸಾಲು, ಅಷ್ಟೇ. ಹೊರಗೆ ಬಿಸಿಲೋ ಮಳೆಯೋ ಎಂಬುದನ್ನು ಬಂದವರ ಚಪ್ಪಲಿ ನೋಡಿ ತಿಳಿಯಬೇಕು. ವರ್ಷಗಟ್ಟಲೆ ನೀರಿನಲ್ಲಿ ತಿಕ್ಕಿ ತಿಕ್ಕಿ ಅವಳ ಬೆರಳ ತುದಿ ಎಷ್ಟು ಸವೆದಿತ್ತೆಂದರೆ, ಹಾಜರಿ ಮಷೀನು ಅವಳ ಗುರುತು ಹಿಡಿಯುವುದನ್ನೇ ಬಿಟ್ಟಿತ್ತು.

ಮುಂದಿನ ಕೌಂಟರಿನಲ್ಲಿ ಒಂದು ಜಾಗ ಖಾಲಿಯಿತ್ತು. ಅಲ್ಲಿ ರಸ್ತೆ ಕಾಣುವ ದೊಡ್ಡ ಗಾಜು. ಗಿರಾಕಿಗಳ ಎದುರಿಗೇ ನಿಂತು ಮೀನು ಕೊಯ್ಯಬೇಕು, ಮೂಲಂಗಿಯನ್ನು ಹಾಳೆಯಂತೆ ತೆಳ್ಳಗೆ ಸುಲಿಯಬೇಕು. ಅವಳು ಮನೆಯಲ್ಲಿ ಸುಲಿದು ಸುಲಿದು ಕೈ ಪಳಗಿಸಿಕೊಂಡಿದ್ದಳು. "ಇನ್ನೊಮ್ಮೆ ಮೂಲಂಗಿ ಪಲ್ಯಾ ಮಾಡಿದ್ರ ನಾ ಊರಿಗೆ ಹೋಗಾಂವ ನೋಡು," ಎಂದು ಗಂಡ ಅಣವೀರಪ್ಪ ಕೈ ಮುಗಿದಿದ್ದ.

ಆದರೆ ಮುಖ್ಯ ಬಾಣಸಿಗ ಕಿಶೋರ ಕೇಳಬೇಕಲ್ಲ! ಮಂಗಳೂರಿನ ಕಡೆಯವನು, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ. ಬಾಯಿ ಸಿಹಿ, ಮಾತಿಗೆ ಬರವಿಲ್ಲ, ಕೆಲಸ ಮಾತ್ರ ಆಗುವುದಿಲ್ಲ. "ಅರೇ, ನೀನು ಮುಂದೆ ಬಂದ್ರೆ ಚಾಕು ಮಸೆಯೋದು ಯಾರು? ಒಬ್ಬನನ್ನು ತಯಾರು ಮಾಡು. ಬಸ್, ಮರುದಿನವೇ ನೀನು ಕೌಂಟರಿಗೆ," ಎಂದಿದ್ದ.

ಹಾಗೆ ಸಿಕ್ಕವನು ದೇವಾನಂದ. ಅವಳ ಹಾಗೆ ಕಲಬುರಗಿ ಕಡೆಯವನೇ, ವಯಸ್ಸಿನಲ್ಲಿ ಅವಳಿಗಿಂತ ಹಿರಿಯ. ಪರೇಲಿನ ಹೊಸ ಬಿಲ್ಡಿಂಗುಗಳಲ್ಲಿ ನೆಲದ ಕಲ್ಲಿಗೆ ಪಾಲಿಶ್ ಹೊಡೆದು ಸೊಂಟ ಮುರಿದುಕೊಂಡು ಇಲ್ಲಿಗೆ ಬಂದವನು. ಸಾಧು ಮನುಷ್ಯ. ಇಂದು ಅವನ ಪರೀಕ್ಷೆ: ಕಿಶೋರನ ನುಣುಪು ಕಲ್ಲನ್ನು ಹೊಸ ವಜ್ರದ ಪ್ಲೇಟಿನಿಂದ ಸಪಾಟು ಮಾಡಿ, ಅದರ ಮೇಲೆ ಕಿಶೋರನದೇ ಉದ್ದ ಚಾಕು ಮಸೆದು ತೋರಿಸಬೇಕು. ಮಸೆದಷ್ಟೂ ಕಲ್ಲಿನ ನಡುವೆ ಗುಳಿ ಬೀಳುತ್ತದೆ, ಗುಳಿ ಬಿದ್ದ ಕಲ್ಲು ಚಾಕುವನ್ನೇ ಕೆಡಿಸುತ್ತದೆ. ಅದಕ್ಕೇ ವಜ್ರದ ಹರಳು ಕೂರಿಸಿದ ಈ ಉಕ್ಕಿನ ಪ್ಲೇಟು. ಆದರೆ ಹೊಸ ಪ್ಲೇಟಿಗೆ ಸೊಕ್ಕು ಬಹಳ. ಕೆಲವು ಹರಳು ಮೇಲೆದ್ದಿರುತ್ತವೆ, ಕೆಲವು ಸಡಿಲಾಗಿ ಉದುರುತ್ತವೆ. ಮೊದಲು ಹಳೆಯ ಒರಟು ಕಲ್ಲಿನ ಮೇಲೆ, ನೀರು ಬಿಟ್ಟು, ಹಗುರ ಕೈಯಿಂದ ಆಡಿಸಿ ಪಳಗಿಸಬೇಕು. ಇದನ್ನು ದೇವಾನಂದನಿಗೆ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

ಚಹಾ ಕುಡಿದು ಬರುವಾಗ ಬಾಗಿಲಲ್ಲೇ ಕರಕರ ಸದ್ದು ಕೇಳಿ ಅವಳು ಒಳಗೆ ಓಡಿದಳು. ದೇವಾನಂದ ಹೊಸ ಪ್ಲೇಟನ್ನು ಸೀದಾ ನುಣುಪು ಕಲ್ಲಿನ ಮೇಲಿಟ್ಟು, ಮೈಭಾರವನ್ನೆಲ್ಲ ಹಾಕಿ ಉಜ್ಜುತ್ತಿದ್ದ. ಕಲ್ಲಿನ ತುಂಬ ಗೀರು.

"ಅಯ್ಯ ದೇವಣ್ಣಾ! ಏನ್ ಮಾಡ್ಲಿಕತ್ತೀರಿ? ಮೊದಲ ಒರಟು ಕಲ್ಲಿಗೆ ಅಂತ ಬಡಕೊಂಡಿದ್ನಿಲ್ಲ?"

"ಸಾಹೇಬ್ರು ಬರೂ ಹೊತ್ತಾತಲ್ಲ, ತಂಗಿ. ಒತ್ತಿದ್ರ ಲಗೂನ ಆಗ್ತದಂತ..."

"ಇದೇನ್ ನೆಲದ ಫರ್ಸಿ ಏನ್ರಿ, ಒತ್ತಲಿಕ್ಕೆ!"

ಇವನಿಗೆ ಇನ್ನೊಂದು ತಿಂಗಳು ಬೇಕು ಎಂದು ಕಿಶೋರನಿಗೆ ಹೇಳಿಬಿಡುವುದೇ ಸರಿಯಿತ್ತು. ಇನ್ನೊಂದು ತಿಂಗಳು! ದೇವಾನಂದನನ್ನು ಪಕ್ಕಕ್ಕೆ ತಳ್ಳಿ, ಬಾಗಿಲು ಕಾಯಲು ನಿಲ್ಲಿಸಿದಳು. ಒರಟು ಕಲ್ಲಿನ ಮೇಲೆ ಪ್ಲೇಟನ್ನು ಆಡಿಸಿದಳು. ಕರಕರ ಹೋಗಿ ಸರಸರ ಎನ್ನುವವರೆಗೂ ಬಿಡಲಿಲ್ಲ. ಉದುರಿದ ಹರಳನ್ನೆಲ್ಲ ನೀರಿನಲ್ಲಿ ತೊಳೆದಳು. ಆಮೇಲೆ ನುಣುಪು ಕಲ್ಲಿನ ಮೇಲೆ ಪೆನ್ಸಿಲ್ಲಿನಲ್ಲಿ ಚೌಕುಳಿ ಎಳೆದು, ಗೀರೂ ಪೆನ್ಸಿಲ್ ಗುರುತೂ ಪೂರ್ತಿ ಅಳಿಯುವ ತನಕ ಪ್ಲೇಟಿನಿಂದ ತಿಕ್ಕಿದಳು. ಕೊನೆಗೆ ಚಾಕು ಮಸೆದಳು.

"ಸಾಹೇಬ್ರು ಕೇಳಿದ್ರ ನಾನಽ ಮಾಡೀನಿ ಅನ್ರಿ," ಎಂದಳು.

"ಸುಳ್ಳ ಹೇಳಬೇಕೇನು?"

"ಇದೊಂದು ಸಲ, ದೇವಣ್ಣ. ನನ್ನ ಸಲುವಾಗಿ. ನಿಮಗ ಆಮ್ಯಾಲೆ ಸಾವಕಾಶ ಕಲಸ್ತೀನಿ."

ಕಿಶೋರ ಬಂದ. ಕಲ್ಲಿನ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ ಬೆಳಕಿಗೆ ಹಿಡಿದ. ಸಂದಿಯಲ್ಲಿ ಎಲ್ಲೂ ಬೆಳಕು ನುಸುಳಲಿಲ್ಲ. ಚಾಕುವಿನಿಂದ ಒಂದು ಕಾಗದ ಸೀಳಿದ, ಸದ್ದೇ ಇಲ್ಲದೆ ಎರಡಾಯಿತು.

"ಇದು ಯಾರ ಕೈ?"

"ದೇವಣ್ಣಂದು ರೀ. ಪೂರಾ ಅವರದಽ," ಎಂದಳು ಶಿವಕುಮಾರಿ. ನಾಳೆ ಈ ಹೊತ್ತಿಗೆ ತಾನು ಗಾಜಿನ ಎದುರು!

ಕಿಶೋರ ದೇವಾನಂದನ ಬೆನ್ನು ತಟ್ಟಿದ. "ಇಷ್ಟು ದಿನ ಎಲ್ಲಿ ಅಡಗಿದ್ದೆ ಮಾರಾಯ? ಇಂಥ ಕೈಯನ್ನು ಈ ಗೂಡಲ್ಲಿ ಇಟ್ರೆ ನನಗೆ ಪಾಪ ಬರ್ತದೆ. ನಾಳೆಯಿಂದ ನೀನು ಕೌಂಟರಿಗೆ. ಕೊಯ್ಯೋದು ನಾನು ಕಲಿಸ್ತೇನೆ."

ಶಿವಕುಮಾರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವನ ದಾರಿಗೆ ಅಡ್ಡ ಬಂದಳು. "ಸಾಹೇಬ್ರ, ಆ ಜಾಗಾ ನನಗಂತ..."

"ನೆನಪಿದೆ, ನೆನಪಿದೆ. ಆದ್ರೆ ಇವನು ಹೋದ್ರೆ ಇಲ್ಲಿ ನೀನೇ ತಾನೆ? ಮುಂದಿನ ತಿಂಗಳು ಹೊಸಬ ಒಬ್ಬ ಬರ್ತಾನೆ. ಅವನಿಗೂ ಹೀಗೇ ಕಲಿಸು. ಕಲಿಸೋದ್ರಲ್ಲಿ ನೀನು ಎತ್ತಿದ ಕೈ ಬಿಡು!" ಎಂದು ನಗುತ್ತಾ ಹೊರಟೇಹೋದ.

ದೇವಾನಂದನ ಮುಖ ಸುಟ್ಟ ಬದನೆಕಾಯಿಯಾಗಿತ್ತು. "ನಾ ಈಗಽ ಹೋಗಿ ಖರೇ ಹೇಳಿಬಿಡ್ತೀನಿ, ತಂಗಿ."

ಅವನ ಕೆನ್ನೆಗೆ ಬಾರಿಸಬೇಕು ಎನ್ನುವಷ್ಟು ಸಿಟ್ಟು ಬಂತು ಅವಳಿಗೆ. ತಪ್ಪು ಅವನದಲ್ಲ ಎಂದು ಗೊತ್ತಿದ್ದರಿಂದ ಸಿಟ್ಟು ಇನ್ನೂ ಹೆಚ್ಚಿತು.

"ಹೇಳಿದ್ರ ಏನಾಗ್ತದ? ನಿಮಗ ಕೆಲಸ ಬರಂಗಿಲ್ಲಂತ ಗೊತ್ತಾಗಿ ನೀವೂ ಇಲ್ಲೇ ಇರ್ತೀರಿ, ನಾನೂ ಇಲ್ಲೇ ಇರ್ತೀನಿ. ಹೇಳದಿದ್ರ ನಾ ಒಬ್ಬಾಕಿನಽ ಇರ್ತೀನಿ. ಹೋಗ್ರಿ."

ಅವನು ಹೋಗಲಿಲ್ಲ. ಅಲ್ಲೇ ತಲೆ ತಗ್ಗಿಸಿ ನಿಂತಿದ್ದ. ಅಳು ತಡೆಯಲಾಗದೆ ಅವಳು ಗೋಡೆಯ ಕಡೆ ತಿರುಗಿದಳು.

"ಹೋಗ್ರಿ ಅಂದ್ನಲ್ಲ, ದೇವಣ್ಣ," ಎಂದಳು. "ಅಲ್ಲಿ ಮಾತ್ರ ಚಾಕು ಒತ್ತಬ್ಯಾಡ್ರಿ. ಮೀನ ಹರೀತದ."