ಮಡ್ಡಿಯ ಬೇರು, ನನ್ನ ಕನ್ನಡದ ತಾಸು

ನಮ್ಮೂರು ಗಡಿನಾಡಿನ ದುಧನಿಯಿಂದ ಎರಡು ಹರದಾರಿ. ಊರ ಹಿಂದೆ ಕಲ್ಲುಮಣ್ಣಿನ ಮಡ್ಡಿ, ಅದರ ಕೆಳಗೆ ಕರಿ ಎರೆಹೊಲ. ಮಡ್ಡಿಯ ತುಂಬ ಬನ್ನಿ, ಜಾಲಿ, ಕವಳಿ ಕಂಟಿ. ಅರ್ಧ ಮಡ್ಡಿ ಶಂಕರೆಪ್ಪನದು, ಅರ್ಧ ಅವನ ತಮ್ಮ ಬಂಡೆಪ್ಪನದು. ನಾನು ಗಿರಿಜಾಬಾಯಿ, ಇಲ್ಲಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ತಪ್ಪು ನನ್ನದು, ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಬೇಸಿಗೆ ರಜೆಗೆ ಮುಂಚೆ ವಿಜ್ಞಾನದ ಅಮೋಗಸಿದ್ಧ ಮಾಸ್ತರರು ಬಂದರು.

"ಬಾಯಾರ, ಬೇರು ಮಣ್ಣು ಹಿಡಿತಾವ ಅಂತ ಹುಡುಗರಿಗೆ ಕಲಿಸೀನ್ರಿ. ನೀವು ಅದನ್ನ ಮನಿ ಮಾತಿನ್ಯಾಗ ಬರಸ್ರಿ. ಮನ್ಯಾಗ ಓದಿ ಹೇಳಲಿ."

"ಅಡವಿ ನಿಮ್ಮ ಪಾಠರಿ ಮಾಸ್ತರ. ನನಗ ಪದ್ಯ ಅದ, ವ್ಯಾಕರಣ ಅದ. ನಿಮ್ಮ ಗಿಡಾ-ಗಂಟಿ ನನ್ನ ಕೊಳ್ಳಿಗ್ಯಾಕ ಕಟ್ಟತೀರಿ?"

ಎಂಥ ಸೊಕ್ಕು ನನಗೆ!

ಮರುವಾರ ಶಂಕರೆಪ್ಪನ ಮಗಳು ನೀಲಗಂಗಾ ಬಂದಳು. ಏಳನೇ ಇಯತ್ತೆ, ಅಂದರೆ ಏಳನೇ ತರಗತಿ.

"ಬಾಯಾರ, ನಮ್ಮಪ್ಪ ಮಡ್ಡಿ ಕಡದು ತೊಗರಿ ಬಿತ್ತತೀನಿ ಅನ್ನಾಕತ್ಯಾನ್ರಿ. 'ಭೂಸವಕಳಿ ಆಗತದ' ಅಂದೆ. ನಕ್ಕುಬಿಟ್ಟ. ಅವಗ ತಿಳಿಯೂ ಹಂಗ ಹೆಂಗ ಹೇಳಲ್ರಿ?"

"ಅದನ್ನ ಮಾಸ್ತರ್ನ ಕೇಳು. ವಸಂತ ಋತು ಪ್ರಬಂಧ ಬರದಿಯೇನು?" ಎಂದೆ. ಕೂಸು ತಲೆ ತಗ್ಗಿಸಿ ಹೋಯಿತು.

ಬೇಸಿಗೆಯಲ್ಲೇ ಶಂಕರೆಪ್ಪ ತನ್ನ ಪಾಲಿನ ಗಿಡವೆಲ್ಲ ಕಡಿಸಿದ. ಉತ್ತರಿ ಮಳೆ ಎರಡು ದಿನ ಹೊಡೆಯಿತು. ಬೋಳು ಮಡ್ಡಿಯ ಗರಸು ಕಲ್ಲುಮಣ್ಣೆಲ್ಲ ಇಳಿದು ಅವನ ಎರೆಯ ಮೇಲೆ ಮೊಣಕಾಲುದ್ದ ಬಿತ್ತು. ಜೋಳಕ್ಕೆಂದು ಹದ ಮಾಡಿದ್ದ ಎಂಟೆಕರೆ ಹಾಳಾಯಿತು. ನೋಡಲು ಹೋದೆ. ಶಂಕರೆಪ್ಪ ಬದುವಿನ ಮೇಲೆ ಕುಳಿತಿದ್ದ.

"ನನ್ನ ಮಗಳಿಗೆ ಇದು ಗೊತ್ತಿತ್ತಂತಲ್ಲರಿ ಬಾಯಾರ. ನನಗ ತಿಳಿಯೂ ಹಂಗ ಯಾರೂ ಯಾಕ ಹೇಳಲಿಲ್ಲ?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಾಸ್ತರರ ಮನೆಗೆ ಹೋಗಿ ಅತ್ತೆ, ಇನ್ನು ನೀವು ಹೇಳಿದಂತೆ ಬರೆಸುತ್ತೇನೆ ಎಂದೆ.

ಬಂಡೆಪ್ಪನಿಗೆ ಮಾತ್ರ ಬುದ್ಧಿ ಬಂದಿರಲಿಲ್ಲ. "ಅಣ್ಣನ ನಸೀಬ ಖೊಟ್ಟಿ. ಮಳಿ ಜೋರ ಬಂತು. ಅದಕ್ಕ ಗಿಡಾ ಏನ ಮಾಡ್ಯಾವು?" ಎಂದು ತನ್ನ ಪಾಲನ್ನೂ ಕಡಿಸಲು ಆಳುಗಳಿಗೆ ಹೇಳಿದ್ದ.

ಈ ಸಲ ವಿಜ್ಞಾನದ ತಾಸಿನಲ್ಲಿ ಮಕ್ಕಳು ಮಡ್ಡಿಯ ಎರಡೂ ಪಾಲಿಗೆ ಹೋದರು. ಕನ್ನಡದ ತಾಸಿನಲ್ಲಿ ಕಂಡದ್ದನ್ನು ಬರೆದರು. ಸಂಜೆ ನೀಲಗಂಗಾ ಬಂಡೆಪ್ಪನ ಕಟ್ಟೆಯ ಮೇಲೆ ಕುಳಿತು ಓದಿದಳು.

"ಕಾಕಾ, ನಿನ್ನ ಮಡ್ಡಿ ಮ್ಯಾಲ ಒಂದು ಕೊಡ ನೀರು ಹಾಕಿದಿವಿ. ಕೆಳಗ ತಿಳಿನೀರು ಬಂತು, ಅದೂ ಹನಿಹನಿ. ನಮ್ಮಪ್ಪನ ಮಡ್ಡಿ ಮ್ಯಾಲ ಒಂದು ಕೊಡ ಹಾಕಿದಿವಿ. ಬರೇ ರಾಡಿ ಬಂತು. ಕೌದಿ ಹೊಲಿಯೂ ನಮ್ಮ ಮುದುಕಿ ಆಯಿ ಹೇಳತಾಳ, ಬೇರು ಅಂದ್ರ ಹೊಲಿಗಿ. ಹೊಲಿಗಿ ಬಿಚ್ಚಿದ್ರ ಕೌದಿ ಉಳಿತದೇನು, ಕಾಕಾ?"

ಬಂಡೆಪ್ಪ ನಗಲಿಲ್ಲ. ಹೆಂಡತಿ ಸುಗಲಾಬಾಯಿ ಒಳಗಿನಿಂದಲೇ, "ಕೂಸು ಹೇಳೂದು ಖರೇ ಅದ, ಕೇಳ್ರಿ" ಎಂದಳು.

"ಆಳುಗಳಿಗೆ ಬರಬ್ಯಾಡ್ರಿ ಅನ್ನು" ಎಂದ ಅವನು ಹೆಂಡತಿಗೆ. "ಅಣ್ಣಂದು ಹೋತು. ನಂದರ ಇರಲಿ."

ಅವನ ಪಾಲಿನ ಗಿಡಗಳು ಉಳಿದಿವೆ. ನೀಲಗಂಗಾ ಮಾತ್ರ ಈಗ ಶಾಲೆಗೆ ಬರುವುದಿಲ್ಲ. ಅಪ್ಪನ ಜೊತೆ ಎರೆಯ ಮೇಲೆ ಬಿದ್ದ ಗರಸನ್ನು ಬುಟ್ಟಿಯಲ್ಲಿ ಹೊರುತ್ತಾಳೆ.

ಕಲಿಸುವವರೇ, ಅಡವಿ ಯಾರ ತಾಸಿನದು ಎಂದು ನನ್ನ ಹಾಗೆ ಜಗಳ ಆಡಬೇಡಿ. ವಿಜ್ಞಾನದಲ್ಲಿ ತೋರಿಸಿ, ಭಾಷೆಯಲ್ಲಿ ಬರೆಸಿ, ಮನೆಯಲ್ಲಿ ಓದಿಸಿ. ತಂದೆತಾಯಿಗಳೇ, ಮಗು ಓದಿ ಹೇಳಿದರೆ ನಗಬೇಡಿ. ಕೂತು ಕೇಳಿ. ಕೊಡಲಿ ಎತ್ತುವ ಮೊದಲೇ ಕೇಳಿ.