ನಲವತ್ತೇಳರ ಸುಗ್ಗಿ

ಮಾನೇಸರ್ ದಾಟಿ, ಫ್ಯಾಕ್ಟರಿಗಳ ಸಾಲು ಮುಗಿದು ಬರೀ ಧೂಳು ಶುರುವಾಗುವಲ್ಲಿ ಬೀರ್‌ಗಢಿ ಎಂಬ ಸಣ್ಣ ಊರು. ಅಲ್ಲಿಯ ಬ್ಯಾಪ್ಟಿಸ್ಟ್ ಚರ್ಚಿಗೆ ಈ ವರ್ಷ ನೂರು ತುಂಬಿತ್ತು. ಧನ್ಯಾಳಿಗೆ ಆ ಚರ್ಚು ಬೇಕಾದದ್ದು ಅವಳು ಮದುವೆಯಾಗಲಿದ್ದ ಗಗನ್‌ನಿಂದಾಗಿ. ಗಗನ್‌ನ ಅಪ್ಪ ಜಯಕರ ಉಡುಪಿ ಕಡೆಯವರು. ದಿಲ್ಲಿಯಲ್ಲಿ ಸರ್ಕಾರಿ ನೌಕರಿ ಮುಗಿಸಿ, ಇಲ್ಲಿ ಮನೆ ಕಟ್ಟಿ, ಚರ್ಚಿನ ಸೆಕ್ರೆಟರಿಯಾಗಿದ್ದರು.

ಧನ್ಯಾಳದೂ ಕ್ರೈಸ್ತರ ಮನೆಯೇ. ಎಳೆಗೂಸಾಗಿದ್ದಾಗ ಧಾರವಾಡದಲ್ಲಿ ಪಾದ್ರಿಗಳು ಅವಳ ನೆತ್ತಿಗೆ ನೀರು ಚಿಮುಕಿಸಿದ್ದರು. ಬ್ಯಾಪ್ಟಿಸ್ಟರಿಗೆ ಅದು ಲೆಕ್ಕಕ್ಕಿಲ್ಲ. ಬುದ್ಧಿ ಬಲಿತವರು ತಾವಾಗಿ ಒಪ್ಪಿ, ಸಭೆಯೆದುರು ಬಾಯಿಬಿಟ್ಟು ಹೇಳಿ, ತೊಟ್ಟಿಯಲ್ಲಿ ಪೂರ್ತಿ ಮುಳುಗೆದ್ದರೆ ಮಾತ್ರ ಅವರಿಗೆ ದೀಕ್ಷಾಸ್ನಾನ.

"ಹಸುಗೂಸಿಗೆ ಏನು ಗೊತ್ತಿರ್ತದೆ? ಅದು ಸ್ನಾನ ಅಲ್ಲ, ಶೀತ ಬರಿಸೋ ಕೆಲಸ," ಎಂದು ನಕ್ಕಿದ್ದರು ಜಯಕರ. "ನೀನು ಮುಳುಗಿದ್ರೆ ಸದಸ್ಯತ್ವ. ಸದಸ್ಯತ್ವ ಇದ್ರೆ ಇಲ್ಲಿ ಮದುವೆ. ಇಲ್ದಿದ್ರೆ ನಾನು ಈ ಮದುವೆಗೆ ಬರೋನಲ್ಲ ಕಣಮ್ಮಾ."

ಮಾತು ಕಡಿಮೆಯ ಹುಡುಗಿ ತಲೆಯಾಡಿಸಿದ್ದಳು. ಶತಮಾನೋತ್ಸವದ ಭಾನುವಾರವೇ ಅವಳ ಸ್ನಾನವೆಂದು ನಿಗದಿಯಾಯಿತು.

ಶನಿವಾರ ಮಧ್ಯಾಹ್ನ ಚರ್ಚಿನ ಹಿಂದೆ ಅಡುಗೆಯ ತಯಾರಿ. ಧನ್ಯಾ ಬಟಾಣಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಎಂಬತ್ತು ದಾಟಿದ ಮುದುಕಿ ನವೋಮಿ, ಊರಿಗೆಲ್ಲ ದಾದಿ, ಎಂದರೆ ಅಜ್ಜಿ. ಮರುದಿನದ ಭಾಷಣವನ್ನು ಜಯಕರ ಅವರಿಬ್ಬರ ಮುಂದೆಯೇ ಅಭ್ಯಾಸ ಮಾಡಿಕೊಳ್ಳುತ್ತಿದ್ದರು, ಹಿಂದಿಯಲ್ಲಿ ಒಮ್ಮೆ, ಧನ್ಯಾಳಿಗಾಗಿ ಕನ್ನಡದಲ್ಲಿ ಒಮ್ಮೆ.

"ಎರಡನೇ ಮಹಾಯುದ್ಧದ ಕಾಲ. ಮಿಲಿಟರಿಯವರು ನಮ್ಮ ಚರ್ಚನ್ನ ಗೋಧಿ ಗೋದಾಮು ಮಾಡ್ಕೊಂಡ್ರು. ಬೆಂಚು ಹೊರಗೆ, ಮೂಟೆ ಒಳಗೆ, ತೊಟ್ಟಿ ಕೂಡ ಭರ್ತಿ. ಯುದ್ಧ ಮುಗೀತು, ಗೋಧಿ ಕೇಳೋಕೆ ಒಬ್ಬನೂ ಬರಲಿಲ್ಲ. ಊರಲ್ಲಿ ಜನ ಸೊಪ್ಪು ಬೇಯಿಸ್ಕೊಂಡು ತಿಂತಿದ್ರು. ಆದ್ರೂ ನಮ್ಮ ಪ್ಯಾರೇಲಾಲ್ ಮುನ್ಶಿ, ಆಗಿನ ಹಿರಿಯರು, ಒಂದು ಕಾಳು ಮುಟ್ಟಲಿಲ್ಲ! ಸರ್ಕಾರದ ಮಾಲು!"

"ಹಾಗಾದ್ರೆ ಗೋಧಿ ಏನಾಯ್ತು ಅಂಕಲ್?"

"ಕೊಳೀತು," ಎಂದರು ಜಯಕರ, ಪದಕ ತೋರಿಸುವವರಂತೆ.

"ಇಲಿಗಳು ಮಾತ್ರ ಬೆಕ್ಕಿನಷ್ಟು ದಪ್ಪ ಆಗಿದ್ವು ಬೇಟಿ," ಎಂದು ದಾದಿ ಬೊಚ್ಚುಬಾಯಿ ತೆರೆದು ನಕ್ಕಳು.

ಜಯಕರ ದನಿಯೇರಿಸಿದರು. "ಬಂತು ನಲವತ್ತೇಳು. ಗೇಟಿನ ಮುಂದೆ ನಲವತ್ತು ಜನ ಮುಸಲ್ಮಾನರು. ಅವರ ಹಿಂದೆ ಕತ್ತಿ ಹಿಡಿದ ಗುಂಪು, ಇನ್ನೂ ಮೂರು ಹೊಲ ದೂರ. ಮುನ್ಶಿ ಬೀಗ ತೆಗೀದೇ ಕೇಳಿದ್ರು, ಯೇಸುವನ್ನ ಒಪ್ತೀರಾ? ಒಪ್ಪಿದ್ರು! ಒಳಗೆ ಕರ್ಕೊಂಡು, ಕೊಳೆತ ಗೋಧಿ ಅವರ ಕೈಲೇ ತೋಡಿಸಿ, ನೀರು ತುಂಬಿಸಿ, ಒಂದೇ ಮಧ್ಯಾಹ್ನ ಎಲ್ಲರಿಗೂ ಸ್ನಾನ. ಇಂಥ ಸುಗ್ಗಿ ಯಾವ ಚರ್ಚು ಕಂಡಿದೆ? ನಮ್ಮ ದಾದೀನೂ ಆ ಬೆಳೇನೇ. ಸೈಂತಾಲೀಸ್‌ವಾಲಿ, ನಲವತ್ತೇಳರವಳು!"

"ನೂರಾನ್ ಹೋಗಿ ನವೋಮಿ ಆದೆ," ಎಂದಳು ದಾದಿ. "ಐದು ವರ್ಷ ನನಗೆ. ನಮ್ಮಪ್ಪ, ಅಬ್ಬಾ, ನನ್ನ ಮೂಗು ಹಿಡ್ಕೊಂಡು ಮುಳುಗಿದ್ರು. ಕೂದಲಿಗೆಲ್ಲ ಹುಳಿತ ಹಿಟ್ಟು. ಥೂ, ಅದೇನು ನಾತ!"

ಧನ್ಯಾ ಸುಲಿಯುವುದನ್ನು ನಿಲ್ಲಿಸಿದಳು. "ಐದು ವರ್ಷದ ಮಗು... ಅದು ಲೆಕ್ಕಕ್ಕೆ ಬಂತಾ ಅಂಕಲ್?"

"ಎಮರ್ಜೆನ್ಸಿ ಕಣಮ್ಮಾ."

"ಒಪ್ಪದೇ ಇದ್ದವರು?"

ದಾದಿ ಇನ್ನೊಂದು ಬಟಾಣಿ ಬಿಡಿಸಿದಳು. "ನನ್ನ ಚಾಚಾ, ಅಬ್ಬಾನ ತಮ್ಮ. ಒಲ್ಲೆ ಅಂದ. ಗೇಟಿನ ಆಚೆ ಉಳಿದ."

"ಅದೆಲ್ಲ ಭಾಷಣಕ್ಕೆ ಬೇಡ," ಎಂದು ಜಯಕರ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಒಳಗಿಂದ ಚಹಾ ಬಂತು: ಜಯಕರರಿಗೂ ಧನ್ಯಾಳಿಗೂ ಪಿಂಗಾಣಿ ಕಪ್ಪು, ದಾದಿಗೆ ಕಾಗದದ್ದು. ದಾದಿ ಸೊರ್ರೆಂದು ಕುಡಿದು, ಅದನ್ನು ಮಡಚಿ, ಸಿಪ್ಪೆಯ ಬುಟ್ಟಿಗೆ ತಾನೇ ಹಾಕಿದಳು. ಯಾರ ಮುಖದಲ್ಲೂ ಒಂದು ಗೆರೆ ಆಚೀಚೆಯಾಗಲಿಲ್ಲ. ಗೇಟಿನ ಆ ಕಥೆ ಬಚ್ಚಿಟ್ಟ ಪಾಪವಾಗಿದ್ದರೆ ಧನ್ಯಾ ಸಹಿಸುತ್ತಿದ್ದಳೋ ಏನೋ. ಇದಕ್ಕೆ ನಾಳೆ ಹೂಮಾಲೆ ಹಾಕುವವರಿದ್ದರು.

ಸಂಜೆ ಗಗನ್‌ಗೆ ಹೇಳಿದಳು.

"ಅರೇ ಯಾರ್, ಅಷ್ಟ್ ಜನ ಬಚಾವ್ ಆದ್ರಲ್ಲ?"

"ಏನೂ ಕೇಳದೆ ಬೀಗ ತೆಗೆದಿದ್ರೂ ಬಚಾವಾಗ್ತಿದ್ರು ಗಗನ್."

"ಓಲ್ಡ್ ಹಿಸ್ಟರಿ, ಛೋಡೋ ನಾ. ನೀನು ಡ್ರಾಮಾ ಮಾಡ್ಬೇಡ. ಏಕ್ ಡಿಪ್, ಪಪ್ಪಾ ಖುಷ್, ಹಮಾರಿ ಶಾದಿ. ಸಿಂಪಲ್."

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಭಾಷಣಕ್ಕೆ ಚಪ್ಪಾಳೆ ಬಿತ್ತು. ಕಟ್ಟಕಡೆಯ ಬೆಂಚಿನಿಂದ ದಾದಿಯನ್ನು ಎಬ್ಬಿಸಿ, ಶಾಲು ಹೊದಿಸಿ, ಫೋಟೋ ತೆಗೆದು, ಮತ್ತೆ ಕಟ್ಟಕಡೆಗೇ ಕಳಿಸಿದರು. ಆಮೇಲೆ ಬಿಳಿ ನಿಲುವಂಗಿ ತೊಟ್ಟ ಧನ್ಯಾ ಮೆಟ್ಟಿಲಿಳಿದು ಸೊಂಟದಮಟ್ಟದ ನೀರಿನಲ್ಲಿ ನಿಂತಳು. ನೀರು ಹದವಾಗಿ ಬೆಚ್ಚಗಿತ್ತು. ಅದೂ ಅವಳಿಗೆ ಹೇಸಿಗೆಯೆನಿಸಿತು. ಗಗನ್ ದಂಡೆಯಲ್ಲಿ ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದ.

ಪಾಸ್ಟರ್ ಅವಳ ತಲೆಯ ಮೇಲೆ ಕೈಯಿಟ್ಟು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಹಿಂದಿಯಲ್ಲಿ ಕೇಳಿದರು. "ಮಗಳೇ, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಮನಸ್ಸಿನಿಂದ ಬಂದಿದ್ದೀಯಾ?"

ಜನರೆದುರು ತನ್ನ ಹೆಸರು ಹೇಳಲೂ ತೊದಲುತ್ತಿದ್ದವಳು ಸ್ಪಷ್ಟವಾಗಿ ಅಂದಳು: "ನಹೀಂ."

ಸಭೆಯಲ್ಲಿ ಕಿಸಕ್ಕೆಂದು ನಗು. ಹುಡುಗಿ ಹೆದರಿದ್ದಾಳೆ ಎಂದುಕೊಂಡರು. ಪಾಸ್ಟರ್ ಮುಗುಳ್ನಕ್ಕು ಮತ್ತೆ ಕೇಳಿದರು.

"ಇಲ್ಲ ಪಾಸ್ಟರ್. ಮದುವೆಗಾಗಿ ಬಂದೆ. ಮುಳುಗದಿದ್ದರೆ ಬಾಗಿಲಿಲ್ಲ ಅಂದರು."

ಜಯಕರ ದಂಡೆಗೆ ಬಾಗಿ, ಹಿಂದಿಯವರಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಪಿಸುಗುಟ್ಟಿದರು. "ಹೌದು ಅಂದ್ಬಿಡು ಮಾರಾಯ್ತಿ! ಎಲ್ಲರೂ ಅನ್ನೋದು ಅದನ್ನೇ!"

"ಗೊತ್ತು ಅಂಕಲ್," ಎಂದಳು ಧನ್ಯಾ.

ಮೆಟ್ಟಿಲು ಹತ್ತಿ ಮೇಲೆ ಬಂದು ಗಗನ್‌ನ ಮುಖ ನೋಡಿದಳು. ಅವನು ಅವಳನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದ. ಪಾಸ್ಟರ್ ಮುಂದಿನವರನ್ನು ಕರೆದರು. ಗಗನ್ ಫೋನನ್ನು ನಿಧಾನವಾಗಿ ತೊಟ್ಟಿಯ ಕಡೆಗೆ ತಿರುಗಿಸಿದ.

ಒದ್ದೆ ಬಟ್ಟೆ ಹಿಂಡಿಕೊಂಡು ಅವಳು ಬೆಂಚುಗಳ ನಡುವೆ ನಡೆದು ಹೊರಬಿದ್ದಳು.