ಎಡಗಡೆಯ ಜಾಗ

ನಾನು ಬಾಯಿ ಮುಚ್ಚಿಕೊಂಡಿರುವ ಹೆಂಗಸಲ್ಲ. ವಟವಟ ಎನ್ನುವುದು ನನ್ನ ಹುಟ್ಟುಗುಣ, ಸುಟ್ಟರೂ ಹೋಗದು. ನಮ್ಮ ಯಜಮಾನರು ಜೀವಮಾನವೆಲ್ಲ ಬಸ್ಸು ಓಡಿಸಿದವರು. ನಿವೃತ್ತರಾದ ಮೇಲೆ ಅವರಿಗಿದ್ದದ್ದು ಒಂದೇ ಆಸೆ: ಪ್ಯಾಸೆಂಜರಿಲ್ಲದ, ಸ್ಟಾಪಿಲ್ಲದ ಗಾಡಿಯಲ್ಲಿ ಹೊರದೇಶ ಸುತ್ತಬೇಕು. ಕೊನೆಗೂ ಮಕ್ಕಳು ಸೇರಿ ಅದನ್ನು ಮಾಡಿಸಿಕೊಟ್ಟರು. ಮಂಚ, ಒಲೆ, ಪುಟ್ಟ ಸಿಂಕು ಎಲ್ಲ ಒಳಗೇ ಇರುವ ವ್ಯಾನು. ಸರೋವರದ ದಂಡೆಗುಂಟ ಒಂದರ ಹಿಂದೊಂದು ಸಣ್ಣ ಸಣ್ಣ ಊರು.

ಅಲ್ಲಿ ಸ್ಟೇರಿಂಗು ಎಡಕ್ಕೆ. ಇವರು ಬೇಗ ಪಳಗಿಸಿಕೊಂಡರು. ಬಲಗಡೆ ಕೂತ ನಾನು ಶುರುಹಚ್ಚಿಕೊಂಡೆ.

"ರೀ, ಆ ಕಿಟಕಿ ತುಂಬ ಹೂವಿನ ಕುಂಡ ನೋಡ್ರೀ. ರೀ, ದೋಣಿಗೆ ಬಣ್ಣ ಬಳೀತಿರೋ ಆ ಅಜ್ಜ ಥೇಟ್ ನಮ್ಮ ಭಾವನ ಹಾಗೇ ಇದಾನಲ್ವಾ?"

ಇವರು ರಸ್ತೆ ನೋಡುತ್ತಾ ಸುಮ್ಮನೆ ತಲೆಯಾಡಿಸುತ್ತಿದ್ದರು. ಮನೆಯಲ್ಲಿ ನನ್ನ ಒಂದು ಮಾತಿಗೆ ಎರಡು ಕೊಂಕು ತೆಗೆಯುವ ಮನುಷ್ಯ! ಇಲ್ಲಿ ಗೋಡೆಗೆ ಹೇಳಿದ ಹಾಗಾಯಿತು. ಒಂದು ಊರು ದಾಟಿತು, ಇನ್ನೊಂದೂ ದಾಟಿತು. ಇದು ಇವರ ಕನಸು, ನಾನೇ ಬಾಲದ ಹಾಗೆ ಅಂಟಿಕೊಂಡು ಬಂದೆನೇನೋ ಅನ್ನಿಸತೊಡಗಿತು. ತಡೆಯಲಾರದೆ ಕೇಳಿಯೇಬಿಟ್ಟೆ.

"ರೀ, ನಿಜ ಹೇಳಿ. ನಾನು ನಿಮಗೆ ಸಾಕಾಗಿ ಹೋದ್ನಾ?"

ಇವರು ನಗುತ್ತಾ ಹೌದೆಂದು ತಲೆಯಾಡಿಸಿದರು.

ಈ ವಯಸ್ಸಿನಲ್ಲಿ, ಕಾಣದ ದೇಶದಲ್ಲಿ, ಇದನ್ನು ಅನುಭವಿಸಬೇಕಾಯಿತಲ್ಲ! ಕಣ್ಣೀರು ಕಾಣದಿರಲೆಂದು ಕಿಟಕಿಯ ಕಡೆ ತಿರುಗಿದೆ. ವಾಪಸಾದ ಮೇಲೆ ತಂಗಿಯ ಮನೆಗೆ ಹೋಗಿ ಇದ್ದುಬಿಡುವುದೆಂದು ಅಲ್ಲೇ ತೀರ್ಮಾನಿಸಿದೆ.

ಮುಂದಿನ ಊರ ಹೊರಗೆ, ನೀರಿನ ಪಕ್ಕ ವ್ಯಾನು ನಿಲ್ಲಿಸಿದರು. ನಾನು ಹಿಂದೆ ಹೋಗಿ ಟೀ ಮಾಡಿದೆ. ಸಿಟ್ಟು ಎಷ್ಟೇ ಬಂದರೂ ಟೀ ತಪ್ಪಿಸುವವಳಲ್ಲ. ಕೆಳಗಿಳಿದು, ಅವರ ಕಿಟಕಿಯ ಹತ್ತಿರ ಲೋಟ ಹಿಡಿದು ನನ್ನಷ್ಟಕ್ಕೇ ಗೊಣಗಿದೆ: "ಕಲ್ಲು ಮನಸ್ಸಿನ ಮುದುಕ."

"ಯಾರೇ ಮುದುಕ?" ಎಂದರು ಥಟ್ಟನೆ.

ನನಗೇ ಸರಿಯಾಗಿ ಕೇಳಿಸದ ಮಾತು ಅದು! ಲೋಟ ಕೊಟ್ಟು, ವ್ಯಾನು ಸುತ್ತಿ ಬಂದು, ಬಲಗಡೆಯ ಕಿಟಕಿಯಲ್ಲಿ ತಲೆ ತೂರಿಸಿ, "ಸಕ್ಕರೆ ಸಾಕಾ?" ಎಂದೆ. ನೀರು ನೋಡುತ್ತಾ ಕೂತವರು ತಿರುಗಲೂ ಇಲ್ಲ. ಮತ್ತೆ ಎಡಕ್ಕೆ ಓಡಿದೆ.

"ರೀ, ನಿಮ್ಮ ಬಲಗಿವಿ ಕೇಳಲ್ವಾ?"

ಸಿಕ್ಕಿಬಿದ್ದ ಕಳ್ಳನ ಮುಖ ಮಾಡಿದರು. "ರಿಟೈರ್ ಆದಾಗ್ಲೇ ಹೋಯ್ತು ಕಣೇ. ಅಷ್ಟು ವರ್ಷ ಬಸ್ಸಲ್ಲಿ ಆ ಕಡೆ ಕಿಟಕಿಯಿಂದ ಬರೀ ಗಾಳಿ, ಹಾರನ್ನು."

"ನನಗೆ ಹೇಳೋಕೇನು ಧಾಡಿ?"

"ಹೇಳಿದ್ರೆ ನೀನು ಊರಿಗೆಲ್ಲ ಕೇಳೋ ಹಾಗೆ ಕಿರುಚ್ತಿದ್ದೆ. ನೀನು ಮೆಲ್ಲಗೆ ಗೊಣಗೋದು ಆಮೇಲೆ ನಂಗೆಲ್ಲಿ ಸಿಗ್ತಿತ್ತು?"

ಒಂದೊಂದೇ ನೆನಪಾಯಿತು. ಊಟಕ್ಕೆ ಕೂತರೆ "ಈ ಕಡೆ ಬಾ, ಗಾಳಿ ಬರುತ್ತೆ" ಎಂದು ಎಡಕ್ಕೆ ಕರೆಯುತ್ತಿದ್ದರು. ಸಿನಿಮಾದಲ್ಲಿ, ಮದುವೆಮನೆಯಲ್ಲಿ, ಮಂಚದಲ್ಲಿ ಕೂಡ ನನ್ನದು ಎಡಗಡೆಯೇ. ಹೀಗೆ ಇವರು ಎದ್ದು ಜಾಗ ಬದಲಿಸಲು ಹೋಗಿ ನಾಲ್ಕು ಜನರ ಮುಂದೆ ನಗೆಪಾಟಲಾದದ್ದೂ ಉಂಟು. ನಾನು ಅದನ್ನು ಇವರ ಅರಳುಮರಳು ಎಂದುಕೊಂಡಿದ್ದೆ. ಆದರೂ ಬಿಡದೆ ಎಡಗಿವಿಯ ಹತ್ತಿರ ಬಗ್ಗಿದೆ.

"ದಾರೀಲಿ ಒಂದು ಮಾತು ಕೇಳಿದ್ದೆ. ನಾನು ಸಾಕಾಗಿ ಹೋದ್ನಾ ಅಂತ. ನೀವು ನಕ್ಕೊಂಡು ಹೌದು ಅಂತ ತಲೆಯಾಡಿಸಿದ್ರಿ."

ಲೋಟ ಪಕ್ಕಕ್ಕಿಡುವ ಅವಸರದಲ್ಲಿ ಟೀ ಕೈಮೇಲೆ ಚೆಲ್ಲಿಕೊಂಡರು. ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಡಿದರು.

"ಅಯ್ಯೋ ಪೆದ್ದಿ, ಸಾಕಾಗಿದ್ರೆ ಯಾವತ್ತೋ ಬಲಗಡೆ ಕೂರಿಸ್ಕೊಂಡು ನೆಮ್ಮದಿಯಾಗಿ ಇರ್ತಿರ್ಲಿಲ್ವಾ?"

ಮಿಕ್ಕ ಊರುಗಳನ್ನೆಲ್ಲ ನಾನು ಅವರ ಹಿಂದಿನ ಬೆಂಚಿನಲ್ಲಿ ಕೂತು, ಸೀಟಿಗೂ ಎಡಗಡೆಯ ಕಿಟಕಿಗೂ ನಡುವಿನ ಸಂದಿಗೆ ಬಾಯಿಟ್ಟು ಹೇಳುತ್ತಲೇ ನೋಡಿದೆ. ನನ್ನ ಒಂದು ಮಾತಿಗೆ ಎರಡು ಕೊಂಕು ವಾಪಸ್ ಬರುತ್ತಿದ್ದವು.